ಟ್ರೋಫಿಗೆ ದುಡ್ಡಿದೆ, ಹೆಲ್ಮೆಟ್ಟಿಗಿಲ್ಲ

ನಮ್ಮ ಕುರ್ತಕೋಟಿ ಸುತ್ತಮುತ್ತ ಹಿಂಗಾರಿ ಕಡಲೆ, ಜೋಳದ ರಾಶಿ ಮುಗಿದು ಹೊಲ ಖಾಲಿಯಾದವೆಂದರೆ ಕ್ರಿಕೆಟ್ ಟೂರ್ನಮೆಂಟುಗಳ ಹಂಗಾಮು ಶುರು. ಬಸ್ ನಿಲ್ದಾಣದ ಗೋಡೆಗೆ, ಚಹಾ ಅಂಗಡಿಯ ಕಂಬಕ್ಕೆ ಬ್ಯಾನರ್ ಏರುತ್ತವೆ. ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಇಷ್ಟು, ಬಹುಮಾನ ಕೊಡುವವರ ಫೋಟೊ ಮಾತ್ರ ಎಲ್ಲಕ್ಕಿಂತ ದೊಡ್ಡದು. ಎಂಟ್ರಿ ಫೀ, ಓವರುಗಳ ಲೆಕ್ಕ, ಅಂಪೈರ್ ತೀರ್ಮಾನವೇ ಅಂತಿಮ ಎಂಬ ಎಚ್ಚರಿಕೆ, ಎಲ್ಲವೂ ಅದರಲ್ಲಿರುತ್ತದೆ. ಮೂರು ವರ್ಷಗಳಿಂದ ಇಂಥ ಟೂರ್ನಮೆಂಟುಗಳಲ್ಲಿ ಸ್ಕೋರ್ ಬರೆಯುತ್ತ, ಆಗೊಮ್ಮೆ ಈಗೊಮ್ಮೆ ಅಂಪೈರ್ ಆಗಿ ನಿಲ್ಲುತ್ತ ಬಂದಿದ್ದೇನೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ತಂಡಗಳ ಆಟವನ್ನೂ ನೋಡಿದ್ದೇನೆ. ವಿಕೆಟ್ ಕೀಪರ್ ಹೆಲ್ಮೆಟ್ ಹಾಕಿರಬೇಕು ಎಂಬ ಒಂದು ಸಾಲನ್ನು ಯಾವ ಬ್ಯಾನರಿನಲ್ಲೂ ಓದಿಲ್ಲ.

ಇದನ್ನು ಎತ್ತಿದರೆ ಗೆಳೆಯರ ಉತ್ತರ ಸಿದ್ಧವಾಗಿರುತ್ತದೆ. "ಲೇ, ಟೆನಿಸ್ ಬಾಲಿಗೆ ಯಾರರ ಹೆಲ್ಮೆಟ್ ಹಾಕ್ಕೋತಾರೇನಲೇ? ಮಾರಿ ಏನ್ ಗಾಜಿಂದೈತೇನು?" ಮಾರಿ ಗಾಜಿನದಲ್ಲ, ಒಪ್ಪಿದೆ. ಆದರೆ ಅದರಲ್ಲಿರುವ ಎರಡು ಕಣ್ಣುಗಳು ಗಾಜಿಗಿಂತ ನಾಜೂಕು. ಗಾಜು ಒಡೆದರೆ ಹೊಸದು ಹಾಕಿಸಬಹುದು.

ಅನಿಲ್ ಕುಂಬ್ಳೆ ಎಂದರೆ ನಮಗೆ ನಮ್ಮ ರಾಜ್ಯದ ಹೆಮ್ಮೆ. ಅವರ ಎಸೆತವೊಂದು ಎದುರಾಳಿಯನ್ನಲ್ಲ, ನಮ್ಮದೇ ತಂಡದ ವಿಕೆಟ್ ಕೀಪರ್‌ನ ವೃತ್ತಿಜೀವನವನ್ನು ಮುಗಿಸಿದ ಸಂಗತಿ ನಮ್ಮ ವಯಸ್ಸಿನವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. 2000ದ ಮೇ ತಿಂಗಳಲ್ಲಿ ಢಾಕಾದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ, ಬಾಂಗ್ಲಾದೇಶದ ವಿರುದ್ಧ ಕುಂಬ್ಳೆ ಬೌಲ್ ಮಾಡುತ್ತಿದ್ದಾಗ ಚೆಂಡು ಪುಟಿದು ಸಬಾ ಕರೀಂ ಅವರ ಬಲಗಣ್ಣಿಗೆ ಬಡಿಯಿತು. ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷ ನವೆಂಬರಿನಲ್ಲಿ ಒಂದು ಟೆಸ್ಟ್ ಆಡಿದರು, ಅಲ್ಲಿಗೆ ಮುಗಿಯಿತು. ಬೌಲರ್ ಸ್ಪಿನ್ನರ್ ಎಂಬುದನ್ನು ಗಮನಿಸಿ. ವೇಗದ ಬೌಲಿಂಗಿಗೆ ಕೀಪರ್ ದೂರ ನಿಲ್ಲುತ್ತಾನೆ, ಸ್ಪಿನ್ನಿಗೆ ಸ್ಟಂಪಿನ ಬೆನ್ನಿಗೇ ಕೂರುತ್ತಾನೆ. ಬ್ಯಾಟಿನ ಅಂಚಿಗೋ ಪ್ಯಾಡಿಗೋ ತಾಗಿ ದಿಕ್ಕು ಬದಲಿಸಿದ ಚೆಂಡಿಗೆ ಮುಖ ತಿರುಗಿಸುವಷ್ಟು ಸಮಯ ಅವನಿಗಿರುವುದಿಲ್ಲ.

ಹನ್ನೆರಡು ವರ್ಷಗಳ ನಂತರ, 2012ರ ಜುಲೈನಲ್ಲಿ, ಇಂಗ್ಲೆಂಡಿನ ಟಾಂಟನ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಅವರಿಗಾದದ್ದೂ ಇದೇ. ಅಲ್ಲಿಯೂ ಬೌಲರ್ ಸ್ಪಿನ್ನರ್, ಇಮ್ರಾನ್ ತಾಹಿರ್. ಬ್ಯಾಟ್ಸ್‌ಮನ್ ಬೌಲ್ಡ್ ಆದ. ಹಾರಿದ ಬೇಲ್ ಬೌಚರ್ ಅವರ ಎಡಗಣ್ಣಿನ ಬಿಳಿಭಾಗವನ್ನು ಸೀಳಿತು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಹದಿನೈದು ವರ್ಷ ಆಡಿದ ಮನುಷ್ಯ ಮರುದಿನವೇ ನಿವೃತ್ತಿ ಹೇಳಬೇಕಾಯಿತು. ಒಂದು ಬೆರಳಿನಷ್ಟು ಕಟ್ಟಿಗೆಯ ತುಂಡು ಮಾಡಿದ ಕೆಲಸ ಅದು. ನಮ್ಮೂರಲ್ಲಿ ಚಿಣಿಪಣಿ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡೂ ತುದಿ ಚೂಪಾಗಿ ಕೆತ್ತಿದ ಚಿಣಿ ಹಾರಿ ಯಾರ ಕಣ್ಣಿಗೋ ಬಡಿದ ಕಥೆ ಇಲ್ಲದ ಓಣಿ ನಮ್ಮ ಕಡೆ ಸಿಗುವುದು ಕಷ್ಟ.

ಇನ್ನು ನಮ್ಮ ಪಿಚ್. ಗದುಗಿನ ಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕಾಲು ಸಿಕ್ಕಿಬೀಳುವಷ್ಟು ಅಗಲ ಬಿರುಕು. ಎಷ್ಟೇ ನೀರು ಹೊಡೆದು ರೋಲರ್ ಎಳೆದರೂ ಎರಡನೆಯ ದಿನಕ್ಕೆ ಪಿಚ್ ಚಕ್ಕೆ ಏಳುತ್ತದೆ. ಒಂದು ಚೆಂಡು ಪಾದದ ಮಟ್ಟಕ್ಕೆ ಜಾರಿದರೆ ಅದೇ ಜಾಗದಲ್ಲಿ ಬಿದ್ದ ಇನ್ನೊಂದು ಗದ್ದಕ್ಕೆ ಏಳುತ್ತದೆ. ಲಾರ್ಡ್ಸ್‌ನಂಥ ಪಿಚ್ಚಿನಲ್ಲಿ ಆಡುವವರು ಹೆಲ್ಮೆಟ್ ಹಾಕುತ್ತಾರೆ, ಬಿರುಕುಬಿಟ್ಟ ಹೊಲದಲ್ಲಿ ಆಡುವ ನಾವು ಟೋಪಿಯನ್ನು ಉಲ್ಟಾ ಹಾಕಿಕೊಳ್ಳುತ್ತೇವೆ.

ಟೆನಿಸ್ ಬಾಲ್ ಮೆತ್ತಗಿರುತ್ತದೆ, ಏನಾಗುವುದಿಲ್ಲ ಎನ್ನುವುದು ನಾನು ಅತಿ ಹೆಚ್ಚು ಕೇಳಿದ ಮಾತು. ಕಣ್ಣಿನ ಸುತ್ತ ಇರುವ ಎಲುಬಿನ ಗೂಡಿನ ಬಾಯಿ ಸುಮಾರು ನಾಲ್ಕು ಸೆಂಟಿಮೀಟರ್ ಅಗಲ. ಅದರೊಳಗಿನ ಕಣ್ಣುಗುಡ್ಡೆ ಸುಮಾರು ಎರಡೂವರೆ ಸೆಂಟಿಮೀಟರಿನದು. ಲೆದರ್ ಚೆಂಡು ಏಳು ಸೆಂಟಿಮೀಟರಿಗಿಂತ ತುಸು ಹೆಚ್ಚು, ಹೀಗಾಗಿ ಅದರ ಪೆಟ್ಟಿನ ಒಂದಿಷ್ಟು ಪಾಲನ್ನು ಹುಬ್ಬಿನ ಮತ್ತು ಕೆನ್ನೆಯ ಎಲುಬು ತಾಳಿಕೊಳ್ಳುತ್ತವೆ. ಟೆನಿಸ್ ಬಾಲೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಆದರೆ ಅದು ಮೆತ್ತಗಿರುವುದೇ ತೊಂದರೆ: ಬಡಿದ ಕ್ಷಣ ಚಪ್ಪಟೆಯಾಗಿ, ನಡುವಿನ ಭಾಗ ಗೂಡಿನೊಳಕ್ಕೆ ಉಬ್ಬಿ ಕಣ್ಣನ್ನು ಒತ್ತುತ್ತದೆ. ಶಟಲ್‌ಕಾಕ್‌ನ ಬೂಚಿನ ತಲೆ ಎರಡೂವರೆಯಿಂದ ಎರಡು ಮುಕ್ಕಾಲು ಸೆಂಟಿಮೀಟರ್. ಎಲುಬಿನ ಕಾವಲನ್ನು ದಾಟಿ ನೇರವಾಗಿ ಒಳಗೆ ಹೋಗಲು ಅಳತೆ ಕೊಟ್ಟು ಮಾಡಿಸಿದಂತಿದೆ. ತೂಕ ಐದು ಗ್ರಾಂ ಆಸುಪಾಸು, ನಿಜ. ಆದರೆ ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಿನ್ನೆಸ್ ದಾಖಲೆಗೆ ಹೊಡೆದ ಸ್ಮ್ಯಾಶ್‌ನ ವೇಗ ಗಂಟೆಗೆ 565 ಕಿಲೋಮೀಟರ್. ಕಾಲೇಜು ಹುಡುಗರ ಸ್ಮ್ಯಾಶ್ ಅದರ ಮೂರನೇ ಒಂದು ಪಾಲು ಎಂದುಕೊಂಡರೂ ಹೈವೇಯ ಕಾರಿಗಿಂತ ವೇಗವಾಯಿತು. ಡಬಲ್ಸ್‌ನಲ್ಲಿ ಮುಂದೆ ನಿಂತವನು ಹಿಂದಿನ ಜೊತೆಗಾರ ಏನು ಮಾಡುತ್ತಿದ್ದಾನೆಂದು ತಿರುಗಿ ನೋಡುವ ಚಟ ಬಿಡಬೇಕು ಎಂದು ಕೋಚ್‌ಗಳು ಬಡಕೊಳ್ಳುವುದು ಇದಕ್ಕೇ.

ನಮ್ಮ ಕಾಕಾನ ಮಗನ ವಿಷಯ ಹೇಳುತ್ತೇನೆ, ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ನನಗಿಂತ ಮೂರು ವರ್ಷ ದೊಡ್ಡವನು. ಪಕ್ಕದ ಊರಿನ ಟೂರ್ನಮೆಂಟಿನಲ್ಲಿ ಸ್ಟಂಪಿನ ಹತ್ತಿರ ಕೀಪಿಂಗ್ ಮಾಡುವಾಗ ಹಾರ್ಡ್ ಟೆನಿಸ್ ಬಾಲ್ ಎಡಗಣ್ಣಿಗೆ ಬಡಿಯಿತು. ಯಾರೋ ಐಸ್ ತಂದರು, ಯಾರೋ ಕರ್ಚೀಫಿಗೆ ಉಸಿರು ಊದಿ ಕಾವು ಕೊಟ್ಟರು. ಸಂಜೆ ಮೆಡಿಕಲ್ ಅಂಗಡಿಯಲ್ಲಿ ಕೆಂಪುಗಣ್ಣಿಗೆಂದು ಡ್ರಾಪ್ಸ್ ಕೊಟ್ಟರು. ಮನೆಯಲ್ಲಿ ದೊಡ್ಡವ್ವ ಹರಳೆಣ್ಣೆ ಹಚ್ಚಿದಳು. ಬಾವು ಇಳಿಯಿತು. ಎಲ್ಲರೂ ನಿರಾಳವಾದರು. ಎರಡು ವಾರದ ನಂತರ ಅವನು, "ಕಣ್ಣಾಗ ನೊಣ ಹಾರ್‍ಯಾಡಿದಂಗ ಕಾಣಸ್ತೈತಿ, ಒಂದ್ ಬಾಜು ಪರದೆ ಬಿದ್ದಂಗ ಆಗೈತಿ" ಎಂದ. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಕ್ಷಿಪಟಲ ಕಳಚಿತ್ತು. ಶಸ್ತ್ರಚಿಕಿತ್ಸೆಯಾಯಿತು, ಬೆಳಕು ಉಳಿಯಿತು, ಅಕ್ಷರ ಓದುವ ದೃಷ್ಟಿ ಉಳಿಯಲಿಲ್ಲ.

ಅವನು ಪೊಲೀಸ್ ಆಗಬೇಕೆಂದು ಓದುತ್ತಿದ್ದ. ಬೆಳಿಗ್ಗೆ ಐದಕ್ಕೆದ್ದು ಗದುಗಿನ ಕೆ.ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣದಲ್ಲಿ ಓಡುತ್ತಿದ್ದ ಹುಡುಗ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಅಲ್ಲಿಯೋ ಅಂಥದೇ ಬೇರೆ ಮೈದಾನದಲ್ಲಿಯೋ ಓಡುತ್ತಿರುತ್ತೀರಿ. ಅಗ್ನಿವೀರ, ಕಾನ್‌ಸ್ಟೆಬಲ್, ಪಿಎಸ್‌ಐ, ರೈಲ್ವೆಯ ಲೋಕೊ ಪೈಲಟ್, ಸಾರಿಗೆ ಸಂಸ್ಥೆಯ ಚಾಲಕ. ಹಳ್ಳಿಯ ಹುಡುಗರು ಕಣ್ಣಿಟ್ಟಿರುವ ಈ ಹುದ್ದೆಗಳೆಲ್ಲ ಎರಡೂ ಕಣ್ಣಿನ ದೃಷ್ಟಿಯನ್ನು ಕೇಳುವಂಥವು. ಓಟದಲ್ಲಿ ಪಾಸಾಗಿ, ಲಿಖಿತದಲ್ಲಿ ಪಾಸಾಗಿ, ಕಣ್ಣಿನ ಚಾರ್ಟ್ ಮುಂದೆ ನಿಂತಾಗ ಎಲ್ಲ ಮುಗಿಯುತ್ತದೆ.

ಹಾಗಾದರೆ ಅಂಗವಿಕಲರ ಮೀಸಲಾತಿ ಇದೆಯಲ್ಲ ಎಂದು ಕೇಳುತ್ತಾರೆ. ಇಲ್ಲಿಯೇ ನೋಡಿ ಪೇಚಾಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಉದ್ಯೋಗ ಮೀಸಲಾತಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ಕೇಂದ್ರ ಸರ್ಕಾರದ ಅಳತೆಯ ಪಟ್ಟಿಯಲ್ಲಿ, ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಪೂರ್ತಿ ಹೋದರೆ ಸಿಗುವುದು ಶೇ 30. ಅಂದರೆ ಒಂದು ಕಣ್ಣು ಕಳೆದುಕೊಂಡವನು ಪೊಲೀಸ್ ಕೆಲಸಕ್ಕೆ ಅನರ್ಹ, ಮೀಸಲಾತಿಗೂ ಅನರ್ಹ. ಎರಡೂ ಬಾಗಿಲು ಮುಚ್ಚಿದ ಮೇಲೆ ಉಳಿಯುವ ಕಿಂಡಿಗಳಲ್ಲಿ ನಮ್ಮ ಅಣ್ಣ ಈಗ ಒಂದನ್ನು ಹಿಡಿದಿದ್ದಾನೆ. ಗದುಗಿನಲ್ಲಿ ಅಕೌಂಟ್ಸ್ ಕೆಲಸ. ಕೆಲಸದ ಬಗ್ಗೆ ಅವನದೇನೂ ತಕರಾರಿಲ್ಲ. ಲೋಟಕ್ಕೆ ನೀರು ಬಗ್ಗಿಸುವಾಗ ಈಗಲೂ ಒಮ್ಮೊಮ್ಮೆ ಹೊರಗೆ ಚೆಲ್ಲುತ್ತದೆ, ಆಳದ ಅಂದಾಜು ಸಿಗುವುದಿಲ್ಲ, ಅದಕ್ಕೆ ಮಾತ್ರ ಸಿಟ್ಟಾಗುತ್ತಾನೆ.

ಇಂಥ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಪಟೌಡಿಯನ್ನು ಎಳೆದು ತರುತ್ತಾರೆ. ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಇಂಗ್ಲೆಂಡಿನ ಹೋವ್‌ನಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಮರುವರ್ಷ 21ನೇ ವಯಸ್ಸಿಗೇ ಭಾರತದ ನಾಯಕರಾದರು, ಒಟ್ಟು 46 ಟೆಸ್ಟ್ ಆಡಿದರು. ದೊಡ್ಡ ಮಾತು, ನಮಸ್ಕಾರ. ಆದರೆ ಪಟೌಡಿಯ ಧೈರ್ಯವನ್ನು ತೋರಿಸಿ ನಮ್ಮ ಹುಡುಗರ ಅಜಾಗ್ರತೆಯನ್ನು ಮುಚ್ಚುವುದು ನ್ಯಾಯವಲ್ಲ. ನವಾಬರಿಗೆ ಕಾನ್‌ಸ್ಟೆಬಲ್ ನೇಮಕಾತಿಯ ಮೆಡಿಕಲ್ ಪರೀಕ್ಷೆ ಇರಲಿಲ್ಲ.

ಚೆಂಡಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ಸುಣ್ಣ. ಶಾಲಾ ಕ್ರೀಡಾಕೂಟವಿರಲಿ, ಊರ ಜಾತ್ರೆಯ ಕಬಡ್ಡಿಯಿರಲಿ, ಅಂಕಣದ ಗೆರೆ ಎಳೆಯುವುದು ಸುಣ್ಣದ ಪುಡಿಯಿಂದ. ಕಬಡ್ಡಿಯಲ್ಲಿ ರೈಡರ್‌ನನ್ನು ಕೆಡವಿದಾಗ ಅವನ ಮುಖ ಬೀಳುವುದು ಎಲ್ಲಿ? ಹೆಚ್ಚಿನ ಸಲ ಗೆರೆಯ ಮೇಲೆಯೇ, ಗೆರೆ ಮುಟ್ಟುವುದಕ್ಕಾಗಿಯೇ ಅವನು ಕೈ ಚಾಚಿ ಬಿದ್ದಿರುತ್ತಾನೆ. ಸುಣ್ಣ ಕ್ಷಾರ. ಆಮ್ಲ ತಾಗಿದರೆ ಕಣ್ಣಿನ ಮೇಲ್ಪದರ ಬೆಂದು ಒಂದು ರೀತಿಯ ತಡೆಯಾದರೂ ಆಗುತ್ತದೆ. ಕ್ಷಾರ ಮಾತ್ರ ಕರಗಿಸುತ್ತ ಒಳಗಿಳಿಯುತ್ತದೆ. ಪಾರದರ್ಶಕ ಪಟಲ ಹಾಲುಗಾಜಿನಂತೆ ಮಸುಕಾಗಿ ಹಾಗೆಯೇ ಉಳಿದುಬಿಡಬಹುದು. ಎಲೆಅಡಿಕೆಯ ಸುಣ್ಣದ ಪೊಟ್ಟಣ ಒತ್ತಿ ಚಿಮ್ಮಿ ಮಕ್ಕಳ ಕಣ್ಣು ಹೋದದ್ದು ಕಣ್ಣಿನ ವೈದ್ಯರಿಗೆ ಹೊಸ ಸುದ್ದಿಯಲ್ಲ. ಅದೇ ಪದಾರ್ಥವನ್ನು ನಾವು ಚೀಲಗಟ್ಟಲೆ ತಂದು ಮೈದಾನಕ್ಕೆ ಸುರಿಯುತ್ತೇವೆ. ಸೀಮೆಸುಣ್ಣದ ಪುಡಿ ಬಳಸಬಹುದು, ಅದು ಸುಡುವುದಿಲ್ಲ. ಮಣ್ಣಿನ ಅಂಕಣಕ್ಕೆ ಹಗ್ಗ ಅಥವಾ ಪಟ್ಟಿ ಹೂಳಿ ಗೆರೆ ಮಾಡಬಹುದು. ಖರ್ಚಿನ ಮಾತೇ ಇಲ್ಲಿಲ್ಲ, ರೂಢಿ ಬದಲಿಸಬೇಕು ಅಷ್ಟೆ.

ಕಬಡ್ಡಿಯ ನಿಯಮದಲ್ಲಿ ಆಟಗಾರರ ಉಗುರು ಒತ್ತಾಗಿ ಕತ್ತರಿಸಿರಬೇಕು, ಆಭರಣ ಹಾಕಬಾರದು ಎಂದು ಸ್ಪಷ್ಟವಾಗಿದೆ. ನಮ್ಮ ರೆಫರಿಗಳು ಆಟಗಾರರ ತೂಕ ನೋಡುತ್ತಾರೆ, ಆಧಾರ್ ಕಾರ್ಡ್ ನೋಡುತ್ತಾರೆ, ಕೈ ನೋಡುವುದಿಲ್ಲ. ಐದು ರೂಪಾಯಿಯ ಬ್ಲೇಡು ಸಾಕಾಗುವ ಕೆಲಸ.

ನನ್ನ ವಾದಕ್ಕೆ ಎದುರಾಗುವ ನಿಜವಾದ ಪ್ರಶ್ನೆ ಬೇರೆಯದು, ಅದನ್ನು ಹಗುರಾಗಿ ತಳ್ಳಿಹಾಕಲಾರೆ. "ಬೂಟಿಲ್ಲದ ಹುಡುಗರು ಬರಿಗಾಲಲ್ಲಿ ಆಡ್ತಾವ್ರಿ. ಹೆಲ್ಮೆಟ್ ಬೇಕಂದ್ರ ಆಟಾನ ಬಿಡ್ತಾವ" ಎಂದು ಹಿರಿಯ ಆಟಗಾರರೊಬ್ಬರು ನನಗೆ ಹೇಳಿದರು. ಖರೆ. ಗದುಗಿನಿಂದ ಭಾರತ ತಂಡಕ್ಕೆ ಹೋದ ಸುನೀಲ್ ಜೋಶಿ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಹೋಗಿಬರುತ್ತಿದ್ದ ಕಥೆಯನ್ನು ನಾವೆಲ್ಲ ಕೇಳುತ್ತ ಬೆಳೆದವರು. ಸೌಲಭ್ಯ ಇಲ್ಲದೆಯೇ ಮೇಲೆ ಬರುವುದು ನಮ್ಮ ಕಡೆಯವರ ಜಾಯಮಾನ. ಆದರೆ ಹನ್ನೊಂದು ಜನರಿಗೆ ಹನ್ನೊಂದು ಹೆಲ್ಮೆಟ್ ಯಾರೂ ಕೇಳುತ್ತಿಲ್ಲ. ಮೈದಾನದಲ್ಲಿ ಒಮ್ಮೆಗೆ ಬೇಕಾಗುವುದು ಮೂರು: ಇಬ್ಬರು ಬ್ಯಾಟ್ಸ್‌ಮನ್, ಒಬ್ಬ ಕೀಪರ್. ಟೂರ್ನಮೆಂಟ್ ಸಮಿತಿ ಮೂರು ಕೊಂಡಿಟ್ಟರೆ ಎರಡೂ ತಂಡ ಬಳಸಬಹುದು, ಹತ್ತು ಟೂರ್ನಮೆಂಟಿಗೆ ಬಾಳಿಕೆ ಬರುತ್ತದೆ. ಒಂದು ರಾತ್ರಿಯ ಡಿಜೆ ಬಾಡಿಗೆ ಇದಕ್ಕಿಂತ ಹೆಚ್ಚು. ಅದೂ ಆಗದಿದ್ದರೆ, ಹೆಲ್ಮೆಟ್ ಇಲ್ಲದ ಕೀಪರ್ ಸ್ಟಂಪಿನ ಹತ್ತಿರ ನಿಲ್ಲುವಂತಿಲ್ಲ ಎಂಬ ಒಂದು ನಿಯಮ ಸಾಕು. ಸ್ಟಂಪಿಂಗ್ ಎರಡು ತಪ್ಪಬಹುದು. ತಪ್ಪಲಿ.

ಹೆಲ್ಮೆಟ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ ಎಂಬುದಕ್ಕೂ ಉದಾಹರಣೆ ಇದೆ. 2010ರ ಟಿ20 ವಿಶ್ವಕಪ್ ಫೈನಲ್‌ನ ಪಂದ್ಯಶ್ರೇಷ್ಠ, ಇಂಗ್ಲೆಂಡಿನ ಕ್ರೇಗ್ ಕೀಸ್‌ವೆಟರ್, 2014ರಲ್ಲಿ ಕೌಂಟಿ ಪಂದ್ಯವೊಂದರಲ್ಲಿ ಹೆಲ್ಮೆಟ್ ಹಾಕಿಯೇ ಆಡುತ್ತಿದ್ದರು. ಹೆಲ್ಮೆಟಿನ ಮುಂಚಾಚು ಮತ್ತು ಜಾಲರಿಯ ನಡುವಿನ ಸಂದಿಯಲ್ಲಿ ಚೆಂಡು ನುಗ್ಗಿ ಮೂಗು, ಕಣ್ಣಿನ ಗೂಡು ಎರಡನ್ನೂ ಮುರಿಯಿತು. ಮರುವರ್ಷ 27ನೇ ವಯಸ್ಸಿಗೇ ಆಟ ಬಿಟ್ಟರು. ಸಂದಿ ಚೆಂಡಿಗಿಂತ ಕಿರಿದಾಗಿರಬೇಕು, ಜಾಲರಿಯ ನಟ್ಟು ಸಡಿಲಾಗಿರಬಾರದು, ಗದ್ದದ ಪಟ್ಟಿ ಕಟ್ಟಿರಬೇಕು. ಬೈಕಿನ ಹೆಲ್ಮೆಟ್ ಹಾಕಿ ಕೀಪಿಂಗ್ ಮಾಡಿದವನನ್ನೂ ನೋಡಿದ್ದೇನೆ. ಅವನ ಉದ್ದೇಶಕ್ಕೆ ಮೆಚ್ಚುಗೆ, ಆದರೆ ಅದರ ಗಾಜು ಚೆಂಡಿನ ಪೆಟ್ಟಿಗೆಂದು ಮಾಡಿದ್ದಲ್ಲ.

ಕನ್ನಡಕ ಹಾಕುವವರಿಗೂ ಇದೇ ಮಾತು. ದಿನನಿತ್ಯದ ಕನ್ನಡಕ ರಕ್ಷಣೆ ಕೊಡುತ್ತದೆಂದು ನಂಬಬೇಡಿ. ಒಡೆದರೆ ಚೂರು ಕಣ್ಣಿಗೇ ಹೋಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಅಂತೂ ರಕ್ಷಣೆಯೇ ಅಲ್ಲ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕ್ರೀಡಾ ಕನ್ನಡಕಗಳಿವೆ, ತಲೆಯ ಹಿಂದಕ್ಕೆ ಪಟ್ಟಿ ಇರುತ್ತದೆ, ನಿಮ್ಮ ನಂಬರನ್ನೂ ಅದರಲ್ಲೇ ಹಾಕಿಸಬಹುದು. ದೊಡ್ಡ ಮೈನಸ್ ನಂಬರ್ ಇರುವವರು ಇನ್ನೂ ಎಚ್ಚರವಾಗಿರಬೇಕು, ಅವರ ಅಕ್ಷಿಪಟಲ ತೆಳುವಾಗಿದ್ದು ಬೇಗ ಹರಿಯುತ್ತದೆ. ಚಂದ ಕಾಣುವುದಿಲ್ಲ ಎನ್ನುವವರು ಕರೀಂ ಅಬ್ದುಲ್ ಜಬ್ಬಾರ್ ಅವರ ಹಳೆಯ ಬಾಸ್ಕೆಟ್‌ಬಾಲ್ ವಿಡಿಯೊ ನೋಡಿ, ಎಡ್ಗರ್ ಡೇವಿಡ್ಸ್ ಅವರ ಫುಟ್‌ಬಾಲ್ ನೋಡಿ. ಒಬ್ಬರು ಎದುರಾಳಿಗಳ ಬೆರಳು ತಗುಲಿ ಕಣ್ಣಿಗೆ ಗಾಯವಾದ ಮೇಲೆ, ಇನ್ನೊಬ್ಬರು ಗ್ಲಾಕೋಮಾ ಆದ ಮೇಲೆ ಗಾಗಲ್ ಹಾಕಿದರು. ಗಾಗಲ್ಲೇ ಅವರ ಗುರುತಾಯಿತು.

ನಿಯಮ ಮಾಡಿದರೆ ಫಲ ಸಿಗುತ್ತದೆಯೇ? ಕೆನಡಾದಲ್ಲಿ ಐಸ್ ಹಾಕಿ ಆಡುವ ಮಕ್ಕಳ ಕಣ್ಣುಗಳು ಹೋಗುತ್ತಿದ್ದುದನ್ನು 1970ರ ದಶಕದಲ್ಲಿ ಟಾಮ್ ಪ್ಯಾಶ್ಬಿ ಎಂಬ ಕಣ್ಣಿನ ವೈದ್ಯರು ಒಂದೊಂದಾಗಿ ಎಣಿಸಿ ದಾಖಲಿಸಿದರು. ಆ ಲೆಕ್ಕ ಮುಂದಿಟ್ಟೇ ಹೋರಾಡಿ ಎಳೆಯರಿಗೆ ಮುಖಕವಚ ಕಡ್ಡಾಯವಾಗುವಂತೆ ಮಾಡಿದರು. ಪೂರ್ಣ ಮುಖಕವಚ ಹಾಕಿದ ಮಕ್ಕಳು ಕಣ್ಣು ಕಳೆದುಕೊಳ್ಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಅಮೆರಿಕದ ಹೈಸ್ಕೂಲುಗಳ ಹುಡುಗಿಯರ ಹಾಕಿಯಲ್ಲಿ 2011ರಲ್ಲಿ ಕಣ್ಣಿನ ರಕ್ಷಣೆಯನ್ನು ಕಡ್ಡಾಯ ಮಾಡಿದ್ದರು. ಬೆಟಗೇರಿಯ ಸೆಟ್ಲ್‌ಮೆಂಟ್‌ನ ಹಾಕಿ ನಮ್ಮ ಜಿಲ್ಲೆಯ ಹೆಮ್ಮೆ. ಪೆನಾಲ್ಟಿ ಕಾರ್ನರ್ ತಡೆಯಲು ಓಡುವ ಹುಡುಗರಿಗೆ ಮುಖದ ಮಾಸ್ಕ್ ಹಾಕಲು ಅಂತರರಾಷ್ಟ್ರೀಯ ನಿಯಮವೇ ಅವಕಾಶ ಕೊಡುತ್ತದೆ. ಟಿವಿಯಲ್ಲಿ ಭಾರತ ತಂಡದವರು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮಲ್ಲಿ ಎಣಿಸುವವರೇ ಇಲ್ಲ. ದೀಪಾವಳಿಯ ಮರುದಿನ ಬೆಂಗಳೂರಿನ ಮಿಂಟೊ ಆಸ್ಪತ್ರೆಗೆ ಪಟಾಕಿಯಿಂದ ಕಣ್ಣಿಗೆ ಗಾಯವಾಗಿ ಬಂದವರೆಷ್ಟು ಎಂಬುದು ಎಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಅದರಿಂದಾಗಿಯೇ ಪಟಾಕಿಯ ಬಗ್ಗೆ ಅಷ್ಟಾದರೂ ಭಯ ಹುಟ್ಟಿದೆ. ಕ್ರೀಡೆಯ ಗಾಯಗಳು ವರ್ಷವಿಡೀ ಒಂದೊಂದಾಗಿ, ಬೇರೆಬೇರೆ ಊರಿನಲ್ಲಿ ಆಗುವುದರಿಂದ ಸುದ್ದಿಯಾಗುವುದಿಲ್ಲ. ಹಣೆಬರಹದ ಖಾತೆಗೆ ಹೋಗುತ್ತವೆ.

ಇನ್ನು ಪೆಟ್ಟು ಬಿದ್ದೇಬಿಟ್ಟರೆ ಏನು? ಇದನ್ನು ಮೈದಾನದಲ್ಲಿರುವ ಒಬ್ಬರಾದರೂ ತಿಳಿದಿರಬೇಕು. ಕಣ್ಣು ಉಜ್ಜಬಾರದು, ಒತ್ತಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು. ಎದೆಹಾಲು, ಹರಳೆಣ್ಣೆ, ಹೂವಿನ ರಸ, ಮೆಡಿಕಲ್ ಅಂಗಡಿಯ ಡ್ರಾಪ್ಸ್ ಯಾವುದೂ ಬೇಡ. ಕಣ್ಣು ಹರಿದಂತೆ ಕಂಡರೆ ನೀರನ್ನೂ ಹಾಕಬೇಡಿ. ಚಹಾದ ಪೇಪರ್ ಕಪ್ಪಿನ ಕೆಳಗಿನ ಅರ್ಧ ಕತ್ತರಿಸಿ, ಕಣ್ಣಿಗೆ ತಾಗದಂತೆ ಹುಬ್ಬು ಮತ್ತು ಕೆನ್ನೆಯ ಎಲುಬಿನ ಮೇಲೆ ಕೂರಿಸಿ ಅಂಟುಪಟ್ಟಿ ಹಾಕಿ, ತಲೆ ಎತ್ತಿ ಕೂರಿಸಿಯೇ ಕರೆದೊಯ್ಯಿರಿ. ದಾರಿಯಲ್ಲಿ ಚಹಾ, ತಿಂಡಿ ಕೊಡಬೇಡಿ, ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೂಗು ಸೀಟಿಸಬೇಡಿ, ಕಣ್ಣಿನ ಗೂಡಿನ ತಳದ ಎಲುಬು ಮುರಿದಿದ್ದರೆ ಗಾಳಿ ಒಳಕ್ಕೆ ನುಗ್ಗುತ್ತದೆ. ಸುಣ್ಣ ಬಿದ್ದರೆ ಮಾತ್ರ ಲೆಕ್ಕ ಉಲ್ಟಾ. ಆಗ ಆಸ್ಪತ್ರೆಗಿಂತ ಮೊದಲು ನೀರು. ರೆಪ್ಪೆಯ ಹರಳು ಒರೆಸಿ ತೆಗೆದು, ಕಣ್ಣು ತೆರೆದು ಹಿಡಿದು, ಕೊಡಗಟ್ಟಲೆ ಶುದ್ಧ ನೀರನ್ನು ಅರ್ಧ ಗಂಟೆ ಬಿಡದೆ ಹಾಕಬೇಕು, ಆಮೇಲೆ ಗಾಡಿ.

ಬಾವು ಇಳಿಯಿತೆಂದು ಸುಮ್ಮನಾಗುವುದು ಎಲ್ಲಕ್ಕಿಂತ ಅಪಾಯ. ಕರಿಗುಡ್ಡೆಯ ಮುಂದೆ ರಕ್ತ ನಿಂತಂತೆ ಕಾಣುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಿಂಚು ಹೊಡೆದಂತಾಗುವುದು, ನೊಣ ಹಾರಿದಂತೆ ಅಥವಾ ಪರದೆ ಇಳಿದಂತೆ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಏನೂ ಇಲ್ಲದಿದ್ದರೂ ಪಾಪೆ ಹಿಗ್ಗಿಸಿ ಒಮ್ಮೆ ನೋಡಿಸುವುದು ಒಳ್ಳೆಯದು. ಜೋರು ಪೆಟ್ಟು ತಿಂದ ಕಣ್ಣಿನಲ್ಲಿ ಎಷ್ಟೋ ವರ್ಷಗಳ ಮೇಲೆ ಒತ್ತಡ ಏರಿ ಗ್ಲಾಕೋಮಾ ಬರುವುದುಂಟು, ಅದಕ್ಕೆ ನೋವಿಲ್ಲ, ಸದ್ದಿಲ್ಲ. ಗದುಗಿನ ಜಿಮ್ಸ್‌ನಲ್ಲಿ ಕಣ್ಣಿನ ವಿಭಾಗವಿದೆ. ಹುಬ್ಬಳ್ಳಿ ನಮಗೆ ಒಂದೂವರೆ ಗಂಟೆಯ ಹಾದಿ.

ಕಾಲೇಜಿನಲ್ಲಿರುವ ಗೆಳೆಯರಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಪ್ರತಿ ವರ್ಷ ಪ್ರವೇಶದ ರಸೀದಿಯಲ್ಲಿ ಕ್ರೀಡಾ ಶುಲ್ಕ ಎಂದು ಒಂದು ಸಾಲು ಇರುತ್ತದೆ. ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರ ಬಳಿ ಹೋಗಿ, "ಸರ್, ಕ್ರೀಡಾ ಕೊಠಡಿಯ ಸ್ಟಾಕ್ ರಿಜಿಸ್ಟರ್ ಒಮ್ಮೆ ನೋಡಬಹುದೇ?" ಎಂದು ಕೇಳಿ. ಎಷ್ಟು ಟ್ರ್ಯಾಕ್‌ಸೂಟ್, ಎಷ್ಟು ಟ್ರೋಫಿ, ಎಷ್ಟು ಹೆಲ್ಮೆಟ್ ಎಂದು ಎಣಿಸಿ ಬರೆದುಕೊಳ್ಳಿ. ಮೂರನೆಯ ಸಂಖ್ಯೆ ಸೊನ್ನೆಯಾಗಿದ್ದರೆ ಹತ್ತು ಜನ ಸಹಿ ಹಾಕಿ ಪ್ರಾಚಾರ್ಯರಿಗೆ ಅರ್ಜಿ ಕೊಡಿ, ಅದರ ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.